ದೊಡ್ಡಪ್ಪ, ಇಂಜಿನ್ ಯಾರದು?

ನಮ್ಮ ‘ಅಜ್ಜಿ ಮನೆ’ ಗುಂಪಿನಲ್ಲಿ 34 ಜನ ಇದ್ದೇವೆ. ಮಾತಾಡುವವರು ಐದಾರು ಮಂದಿ, ಉಳಿದವರು ನೀಲಿ ಟಿಕ್ ಮಾತ್ರ. ಕಳೆದ ಭಾನುವಾರ ಬೆಳಗ್ಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ಮಧ್ಯಾಹ್ನದ ತನಕ ಯಾರಿಗೂ ಬೇರೆ ಕೆಲಸವಾಗಲಿಲ್ಲ. ಹೆಸರುಗಳು ನನ್ನ ಫೋನಿನಲ್ಲಿರುವ ಹಾಗೇ ಇವೆ. ಚಿಕ್ಕಪ್ಪನ ವಾಯ್ಸ್ ಮೆಸೇಜುಗಳನ್ನು ಕೇಳಿ ಬರೆದುಕೊಂಡಿದ್ದೇನೆ.

ದೊಡ್ಡಪ್ಪ (ಫಾರ್ವರ್ಡ್): ಹೆಮ್ಮೆಯ ಸುದ್ದಿ!! ನಮ್ಮ ತೇಜಸ್ ಯುದ್ಧವಿಮಾನ ಇಂಜಿನ್ ಸಮೇತ ಶೇ 100 ಸ್ವದೇಶಿ!! ಅಮೆರಿಕಕ್ಕೂ ನಡುಕ!! ನಿಜವಾದ ಭಾರತೀಯರಾದರೆ 10 ಜನರಿಗೆ ಕಳಿಸಿ 🙏🙏

ಪುಟ್ಟ: ದೊಡ್ಡಪ್ಪ, ಇಂಜಿನ್ ಯಾರದು?

ದೊಡ್ಡಪ್ಪ: ಬರೆದಿದೆಯಲ್ಲ. ಓದು ಮೊದಲು.

ಪುಟ್ಟ: ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು. ಎಫ್404. ನಡುಗುತ್ತಾ ನಡುಗುತ್ತಾ ಅವರೇ ಕಳಿಸಿಕೊಟ್ಟಿದ್ದಾರೆ 😂

ಅತ್ತೆ: ಬೆಳಗ್ಗೆ ಬೆಳಗ್ಗೆ ಶುರು ಮಾಡಬೇಡಿ. ಬುಧವಾರ ಅಪ್ಪನ ತಿಥಿಗೆ ಎಷ್ಟು ಜನ ಬರುತ್ತೀರಿ, ಅದು ಹೇಳಿ.

ದೊಡ್ಡಪ್ಪ: ಇಂಜಿನ್ ಒಂದು ಬಿಟ್ಟರೆ ಉಳಿದದ್ದೆಲ್ಲ ನಮ್ಮದೇ ಅಲ್ವಾ? ನಿಮ್ಮ ವಯಸ್ಸಿನವರಿಗೆ ದೇಶದ್ದು ಅಂದರೆ ಸಾಕು, ನಗು.

ಪುಟ್ಟ: ನಗುವುದಲ್ಲ ದೊಡ್ಡಪ್ಪ. ಈ ವಿಮಾನ ಮಾಡಲು 1983ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ವಾಯುಪಡೆಯ ಮೊದಲ ತೇಜಸ್ ಸ್ಕ್ವಾಡ್ರನ್ ಶುರುವಾಗಿದ್ದು 2016ರ ಜುಲೈ 1ಕ್ಕೆ. ಅವತ್ತು ಅದರಲ್ಲಿ ಇದ್ದದ್ದು ಎರಡೇ ವಿಮಾನ. 33 ವರ್ಷ! ಅಷ್ಟರಲ್ಲಿ ನಾನು ಹುಟ್ಟಿ, ಓದಿ, ಕೆಲಸಕ್ಕೂ ಸೇರಿದೆ.

ನಾನು ನಡುವೆ ಬಾಯಿ ಹಾಕಬಾರದಿತ್ತು. ಹಾಕಿದೆ.

ನಾನು: ‘ಉಳಿದದ್ದೆಲ್ಲ ನಮ್ಮದು’ ಅನ್ನುವುದೂ ಸರಿಯಲ್ಲ ದೊಡ್ಡಪ್ಪ. 2015ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಲೆಕ್ಕ ಹಾಕಿದಾಗ ಸ್ವದೇಶಿ ಪಾಲು ಶೇ 35ರಷ್ಟು ಬಂದಿತ್ತು. ಅದಕ್ಕಿಂತ ಈಗ ಜಾಸ್ತಿಯಾಗಿದೆ. ಆದರೆ 100 ಅಲ್ಲವೇ ಅಲ್ಲ.

ದೊಡ್ಡಪ್ಪ: ನೀನೂ ಅವನ ಕಡೆಗೇ ಸೇರಿದೆಯಾ?

ಆಮೇಲೆ ಹತ್ತು ನಿಮಿಷ ಮೌನ. ‘ಚಿಕ್ಕಪ್ಪ ರೆಕಾರ್ಡ್ ಮಾಡುತ್ತಿದ್ದಾರೆ’ ಅಂತ ಮೇಲೆ ಬಂತು. ಚಿಕ್ಕಪ್ಪ ವಿಮಾನದ ಕಾರ್ಬನ್ ಭಾಗಗಳನ್ನು ಮಾಡುವ ಕಡೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿ ರಿಟೈರ್ ಆದವರು. ಮನೆಯಲ್ಲಿ ಈ ವಿಷಯ ಎತ್ತುವುದೇ ಅಪರೂಪ.

ಚಿಕ್ಕಪ್ಪ (ವಾಯ್ಸ್): ಪುಟ್ಟ, ನಿನ್ನ 33 ವರ್ಷ ಸರಿ. ಆದರೆ ಅದರೊಳಗೆ ಏನಿದೆ ನೋಡು ಮಾರಾಯ. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬಂದು ಇದೇ ಬೆಂಗಳೂರಿನಲ್ಲಿ ಮಾರುತ್ ಯುದ್ಧವಿಮಾನ ಮಾಡಿಕೊಟ್ಟರು. ಅದು ಹಾರಿದ್ದು 1961ರ ಜೂನ್‌ನಲ್ಲಿ. ಆಮೇಲೆ ನಾವೇ ವಿನ್ಯಾಸ ಮಾಡಿದ ಇನ್ನೊಂದು ಯುದ್ಧವಿಮಾನ, ಅಂದರೆ ಈ ತೇಜಸ್, ಹಾರಿದ್ದು 2001ರ ಜನವರಿ 4ಕ್ಕೆ. ನಡುವೆ 40 ವರ್ಷ! ಮಾರುತ್ ಮಾಡಿದವರೆಲ್ಲ ರಿಟೈರ್ ಆಗಿ ಮನೆ ಸೇರಿದ್ದರು. ಅಡುಗೆಯವರು ಇಲ್ಲ, ಪಾತ್ರೆ ಇಲ್ಲ, ಒಲೆಯೂ ಇಲ್ಲ. ಅಂಥ ಮನೆಯಲ್ಲಿ ಮದುವೆ ಊಟ ಹಾಕಬೇಕಿತ್ತು. ಪೂರ್ತಿ ಪ್ರಮಾಣದ ಕೆಲಸಕ್ಕೆ ಮಂಜೂರಾತಿ ಸಿಕ್ಕಿದ್ದೇ 1993ರಲ್ಲಿ. ಅಲ್ಲಿಂದ ಎಂಟು ವರ್ಷಕ್ಕೆ ಹಾರಿತು. ಅದು ತಡ ಅಂತ ನನಗೆ ಅನ್ನಿಸುವುದಿಲ್ಲ.

ಪುಟ್ಟ: 1983ರಿಂದ 1993ರ ತನಕ ಏನು ಮಾಡಿದರು ಚಿಕ್ಕಪ್ಪ?

ಚಿಕ್ಕಪ್ಪ: ಜಾಸ್ತಿ ಪೇಪರು, ಸ್ವಲ್ಪ ಕೆಲಸ. ಅದನ್ನು ಒಪ್ಪುತ್ತೇನೆ.

ಅಕ್ಕ (ಸ್ವೀಡನ್): ಇಲ್ಲಿನ ಗ್ರಿಪೆನ್ ವಿಮಾನದ ಮೊದಲ ಮಾದರಿಗಳಿಗೂ ಅದೇ ಎಫ್404 ಜಾತಿಯ ಇಂಜಿನ್. ಇವರು ತಿದ್ದಿ ಬೇರೆ ಹೆಸರಿಟ್ಟುಕೊಂಡಿದ್ದಾರೆ ಅಷ್ಟೇ. ಯಾರೂ ‘ಇದು ಸ್ವೀಡನ್ನಿನ ವಿಮಾನ ಅಲ್ಲ’ ಅನ್ನುವುದಿಲ್ಲ ಕಣೋ ಪುಟ್ಟ.

ದೊಡ್ಡಪ್ಪ: ಕೇಳಿದೆಯಾ! 👏👏👏

ಪುಟ್ಟ: ಯಾರೂ ‘ಇಂಜಿನ್ ಸಮೇತ’ ಅಂತ ಫಾರ್ವರ್ಡ್ ಕೂಡ ಮಾಡುವುದಿಲ್ಲ ಅಕ್ಕ.

ಇದಕ್ಕೆ ನಾನು ಗುಟ್ಟಾಗಿ ಒಂದು ಹೆಬ್ಬೆಟ್ಟು ಒತ್ತಿದೆ. ಗುಟ್ಟಲ್ಲ, ಎಲ್ಲರಿಗೂ ಕಾಣಿಸುತ್ತದೆ ಅಂತ ಆಮೇಲೆ ನೆನಪಾಯಿತು.

ದೊಡ್ಡಪ್ಪ: ಕಾವೇರಿ ಅಂತ ಇಂಜಿನ್ ಮಾಡುತ್ತಿದ್ದರಲ್ಲ? ಅದೇನಾಯಿತು?

ಚಿಕ್ಕಪ್ಪ (ವಾಯ್ಸ್): 1989ರಲ್ಲಿ ಶುರು ಮಾಡಿದ್ದು ಅಣ್ಣ. ತೂಕ ಜಾಸ್ತಿ ಬಂತು, ಬೇಕಾದಷ್ಟು ತಳ್ಳುವ ಬಲ ಬರಲಿಲ್ಲ. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು. ಇಂಜಿನ್ ಒಳಗೆ ಬೆಂಕಿಯ ಗಾಳಿಗೆ ತಿರುಗುವ ಬ್ಲೇಡ್ ಇರುತ್ತದೆ, ನಮ್ಮ ಬೆರಳಷ್ಟು ಉದ್ದ ಅಂದುಕೊಳ್ಳಿ. ಆ ಗಾಳಿಯ ಬಿಸಿ, ಬ್ಲೇಡಿನ ಲೋಹ ಕರಗುವ ಬಿಸಿಗಿಂತ ಜಾಸ್ತಿ. ಆದರೂ ಅದು ಕರಗಬಾರದು. ಒಳಗೆ ಸಣ್ಣ ಸಣ್ಣ ದಾರಿ ಕೊರೆದು ತಣ್ಣನೆ ಗಾಳಿ ಹಾಯಿಸುತ್ತಾರೆ. ಬ್ಲೇಡ್ ಪೂರ್ತಿ ಒಂದೇ ಹರಳಿನಿಂದ ಬೆಳೆಸಿರುತ್ತಾರೆ. ಅದನ್ನು ಮಾಡುವುದು ಹೇಗೆ ಅಂತ ಗೊತ್ತಿರುವ ದೇಶಗಳು ಬೆರಳೆಣಿಕೆಯಷ್ಟು. ಅವು ಬಾಯಿ ಬಿಡುವುದಿಲ್ಲ.

ಚಿಕ್ಕಪ್ಪ (ವಾಯ್ಸ್): ನಾವು ನಿಜವಾಗಿ ಕಲಿತದ್ದು ಬೇರೆ. ಈ ವಿಮಾನ ಬೇಕಂತಲೇ ಸ್ಥಿರ ಇಲ್ಲದ ಹಾಗೆ ಮಾಡಿದ್ದು, ಬೇಗ ತಿರುಗಲಿ ಅಂತ. ಅಂಗೈ ಮೇಲೆ ಕೋಲು ನಿಲ್ಲಿಸಿಕೊಂಡು ಓಡಿದ ಹಾಗೆ. ಕಂಪ್ಯೂಟರ್ ಒಂದು ಗಳಿಗೆ ಕೈಬಿಟ್ಟರೂ ಬೀಳುತ್ತದೆ. ಆ ಸಾಫ್ಟ್‌ವೇರ್ ಕೆಲಸಕ್ಕೆ ನಮ್ಮವರು ಅಮೆರಿಕಕ್ಕೆ ಹೋಗಿದ್ದರು. 1998ರಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆಯಿತು, ಅವರನ್ನು ವಾಪಸ್ ಕಳಿಸಿದರು. ಕಾಗದಪತ್ರ ಅಲ್ಲೇ ಉಳಿಯಿತು. ಇಲ್ಲಿ ಕೂತು ಮುಗಿಸಿ, ಮೂರೇ ವರ್ಷಕ್ಕೆ ಹಾರಿಸಿದರು. ಆಮೇಲೆ 23 ವರ್ಷ ಒಂದೂ ಬೀಳಲಿಲ್ಲ.

ಅಕ್ಕ (ಸ್ವೀಡನ್): ಗ್ರಿಪೆನ್ ಪರೀಕ್ಷೆಯಲ್ಲೇ 1989ರಲ್ಲಿ ಬಿತ್ತು. 1993ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಜನರ ಕಣ್ಣೆದುರೇ ಬಿತ್ತು. ಎರಡಕ್ಕೂ ಅದೇ ಕಂಪ್ಯೂಟರ್ ಹಿಡಿತದ ತೊಂದರೆ.

ಪುಟ್ಟ: 2024ರಲ್ಲಿ ಜೈಸಲ್ಮೇರ್ ಹತ್ತಿರ ನಮ್ಮದೂ ಬಿತ್ತಲ್ಲ. 2025ರಲ್ಲಿ ದುಬೈ ಪ್ರದರ್ಶನದಲ್ಲಿ...

ಚಿಕ್ಕಪ್ಪ: ಅದನ್ನು ಇಲ್ಲಿ ಎಳೆಯಬೇಡ. ಪೈಲಟ್ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಹೋದರು. ಯಾಕೆ ಅಂತ ತನಿಖೆ ಮಾಡುವವರು ಹೇಳಲಿ.

ಪುಟ್ಟ: ಸರಿ ಚಿಕ್ಕಪ್ಪ. ತಪ್ಪಾಯಿತು.

ಅತ್ತೆ: ನೀನು ಅಲ್ಲಿ ಮಾಡುತ್ತಿದ್ದದ್ದು ಏನೋ? ಇಷ್ಟು ವರ್ಷ ಕೇಳಲೇ ಇಲ್ಲ ನೋಡು.

ಚಿಕ್ಕಪ್ಪ (ವಾಯ್ಸ್): ಕಪ್ಪು ಬಟ್ಟೆ ಅಂಟಿಸುವುದು ಅಕ್ಕ! ಅಂಟು ಹಚ್ಚಿದ ಕಾರ್ಬನ್ ಬಟ್ಟೆ, ಫ್ರೀಜರಿನಲ್ಲಿ ಇಡುತ್ತಿದ್ದೆವು. ಹೊರಗೆ ತೆಗೆದರೆ ಗಂಟೆ ಲೆಕ್ಕ ಬರೆಯಬೇಕು, ದೋಸೆ ಹಿಟ್ಟಿನ ಹಾಗೆ, ಹೊರಗೆ ಬಿಟ್ಟರೆ ಕೆಡುತ್ತದೆ. ಒಂದು ಪದರ ಉದ್ದಕ್ಕೆ, ಒಂದು ಓರೆ, ಒಂದು ಅಡ್ಡ. ನಡುವೆ ಗಾಳಿ ಉಳಿಯದ ಹಾಗೆ ಕೈಯಲ್ಲೇ ಒತ್ತಬೇಕು. ಆಮೇಲೆ ಆಟೋಕ್ಲೇವ್, ಅಂದರೆ ಕೋಣೆಯಷ್ಟು ದೊಡ್ಡ ಕುಕ್ಕರ್. ಒಂದು ಸಲ ಬಟ್ಟೆಯ ಮೇಲಿನ ಪ್ಲಾಸ್ಟಿಕ್ ಹಾಳೆಯ ತುಂಡೊಂದು ಒಳಗೇ ಉಳಿದುಹೋಗಿತ್ತು, ಉಗುರಷ್ಟು. ಹೊಟ್ಟೆಗೆ ಮಾಡುತ್ತಾರಲ್ಲ, ಹಾಗೇ ಅಲ್ಟ್ರಾಸೌಂಡ್ ಮಾಡಿದಾಗ ಕಂಡಿತು. ಇಡೀ ತುಂಡು ಗುಜರಿಗೆ ಹೋಯಿತು. ಆ ಪದರ ಹಾಕಿದವನು ನಾನೇ. ಎರಡು ದಿನ ಊಟ ಸೇರಲಿಲ್ಲ.

ಯಾರೂ ಏನೂ ಬರೆಯಲಿಲ್ಲ. ಅಜ್ಜಿ ಒಂದು ಗುಲಾಬಿ ಹೂ ಹಾಕಿದರು. ಅವರಿಗೆ ಹಾಕಲು ಬರುವುದು ಅದೊಂದೇ.

ಪುಟ್ಟ: ನಿಮ್ಮ ಕೆಲಸದ ಬಗ್ಗೆ ನನ್ನ ತಕರಾರಿಲ್ಲ ಚಿಕ್ಕಪ್ಪ. ಆದರೆ ತೇಜಸ್‌ನ ಸುಧಾರಿಸಿದ ಮಾದರಿ ಮಾರ್ಕ್ 1ಎ, ಅಂಥ 83 ವಿಮಾನಕ್ಕೆ ಆರ್ಡರ್ ಕೊಟ್ಟಿದ್ದು 2021ರಲ್ಲಿ. ಮೊದಲನೆಯದು 2024ರ ಮಾರ್ಚ್‌ಗೆ ಬರಬೇಕಿತ್ತು, ಆ ವರ್ಷ ಬರಲೇ ಇಲ್ಲ. ಅತ್ತ 2025ರ ಸೆಪ್ಟೆಂಬರ್‌ನಲ್ಲಿ ವಾಯುಪಡೆಯ ಹಳೆಯ ಯುದ್ಧವಿಮಾನ ಮಿಗ್-21 ಪೂರ್ತಿ ನಿಂತುಹೋಯಿತು. ಅದರ ಜಾಗಕ್ಕೆ ಅಂತಲೇ ತೇಜಸ್ ಮಾಡಿದ್ದು, ಅಲ್ವಾ?

ಚಿಕ್ಕಪ್ಪ: ಅಲ್ಲಿ ನೀನು ಗೆದ್ದೆ. ಈ ಆರ್ಡರಿನ ಮೊದಲ ಇಂಜಿನ್ ಅಮೆರಿಕದಿಂದ ಬಂದದ್ದೇ 2025ರ ಮಾರ್ಚ್‌ನಲ್ಲಿ. ಅದೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ಒಂದು ವಿಮಾನ ಹಾರಿಸುವುದು ಬೇರೆ, ವರ್ಷಕ್ಕೆ ಇಷ್ಟು ಅಂತ ಮಾಡಿ ಕೊಡುವುದು ಬೇರೆ. ಎರಡನೆಯದನ್ನು ನಾವು ಇನ್ನೂ ಕಲಿಯುತ್ತಿದ್ದೇವೆ.

ದೊಡ್ಡಪ್ಪ: ಹಾಗಾದರೆ ನಾನು ಹಾಕಿದ್ದು ತಪ್ಪಾ?

ಚಿಕ್ಕಪ್ಪ: ಹೆಮ್ಮೆ ತಪ್ಪಲ್ಲ ಅಣ್ಣ. ಶೇ 100 ತಪ್ಪು.

ಅತ್ತೆ: ಎಲೆ ಎಷ್ಟು ತರಿಸಲಿ? ಮೂರನೇ ಸಲ ಕೇಳುತ್ತಿದ್ದೇನೆ.

ಸಂಜೆ ದೊಡ್ಡಪ್ಪ ನಮ್ಮ ಬೀದಿಯವರ ಗುಂಪಿಗೆ ಅದೇ ಫಾರ್ವರ್ಡ್ ಹಾಕಿದರು. ಈ ಸಲ ಒಂದು ತಿದ್ದುಪಡಿ ಇತ್ತು: ‘ಇಂಜಿನ್ ಬಿಟ್ಟು ಶೇ 100 ಸ್ವದೇಶಿ!!’