ಕೊಲೆ ಮಾಡಿಸಿದ ನಾಯಕನಿಗೆ ಪ್ರೇಕ್ಷಕರು ಮರುಗುವುದು ಹೇಗೆ?

ಕರಡುಪ್ರತಿ:
ಮೂರು ಅಂಕಗಳ ದುರಂತ ನಾಟಕ. ಮೊದಲ ಅಂಕದ ಕೊನೆಗೆ ನಾಯಕ ಪಟ್ಟಕ್ಕಾಗಿ ಗೆಳೆಯನನ್ನೇ ಕೊಲ್ಲಿಸುತ್ತಾನೆ. ಮೂರನೆಯದರಲ್ಲಿ ಎರಡು ಪುಟದ ಸ್ವಗತ, ಪೂರ್ತಿ ಪಶ್ಚಾತ್ತಾಪ. ಓದಿದವರು 'ಮಾಡಿದ್ದುಣ್ಣೋ ಮಹಾರಾಯ' ಅಂದು ಪುಟ ಮಗುಚುತ್ತಿದ್ದಾರೆ. ಎಲ್ಲಿ ಎಡವಿದೆ?

ತೆರೆಮರೆ:
ಸ್ವಗತ ಇರಲಿ, ಜಾಗ ಬದಲಿಸಿ. ಕೊಲೆಯಾದ ಮೇಲೆ ಆಡಿದ್ದು ಸಮಜಾಯಿಷಿಯಂತೆ ಕೇಳಿಸುತ್ತದೆ. ಮುಂಚೆ ಆಡಿದರೆ ಹೊಯ್ದಾಟ. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' 1ನೇ ಅಂಕದ 7ನೇ ದೃಶ್ಯ ನೋಡಿ. ರಾಜ ಡಂಕನ್ ನನ್ನ ಬಂಧು, ಒಡೆಯ, ಇವತ್ತು ನನ್ನ ಮನೆಯ ಅತಿಥಿ ಎಂದು ಕೊಲ್ಲಬಾರದ ಕಾರಣಗಳನ್ನು ನಾಯಕ ಮ್ಯಾಕ್‌ಬೆತ್ ತಾನೇ ಎಣಿಸುತ್ತಾನೆ. ಇದು ಬೇಡ ಎಂದು ಹೆಂಡತಿಗೆ ಹೇಳಿಯೂ ಬಿಡುತ್ತಾನೆ. ಆ ದೃಶ್ಯ ಮುಗಿಯುವುದರೊಳಗೆ ಒಪ್ಪಿಕೊಂಡಿರುತ್ತಾನೆ! ಜಾರುವುದನ್ನು ಕಣ್ಣಾರೆ ಕಂಡವರಿಗೆ ಅವನನ್ನು ಪೂರ್ತಿ ಕೈಬಿಡಲಾಗುವುದಿಲ್ಲ.

ಇನ್ನೊಂದು, ಡಂಕನ್ ಕೊಲೆ ರಂಗದ ಮೇಲೆ ನಡೆಯುವುದಿಲ್ಲ. ಕಾಣುವುದು ರಕ್ತದ ಕೈ, ಕೇಳುವುದು 'ಆಮೆನ್' ಗಂಟಲಲ್ಲೇ ಸಿಕ್ಕಿಕೊಂಡಿತೆಂಬ ಗಾಬರಿ. ಆದರೆ ಎದುರಾಳಿ ಮ್ಯಾಕ್‌ಡಫ್‌ನ ಮಗನನ್ನು ಮ್ಯಾಕ್‌ಬೆತ್ ಕಳಿಸಿದವರು ನಮ್ಮೆದುರೇ ಕೊಲ್ಲುತ್ತಾರೆ. ಗಳಿಸಿದ ಮರುಕವೆಲ್ಲ ಅಲ್ಲಿ ಸೋರಿಹೋಗುತ್ತದೆ. ಶೇಕ್ಸ್‌ಪಿಯರ್ ಜಾಣ: 4ನೇ ಅಂಕದ 1ನೇ ದೃಶ್ಯದ ನಂತರ 5ನೇ ಅಂಕದ 3ನೇ ದೃಶ್ಯದವರೆಗೆ ನಾಯಕನನ್ನು ರಂಗಕ್ಕೇ ತರುವುದಿಲ್ಲ. ಮರಳಿ ಬಂದಾಗ ತನ್ನ ಬಾಳನ್ನು ಹಣ್ಣೆಲೆಗೆ ಹೋಲಿಸುವ ಒಂಟಿ ಮನುಷ್ಯ.

ಎರಡನೇ ಬೆಲ್:
ಒಪ್ಪಿದೆ, ಆದರೆ ಸ್ವಗತವನ್ನೇ ನೆಚ್ಚಬೇಡಿ. ಹಾಳೆಯಲ್ಲಿ ಎರಡು ಕಾಲಂ ಹಾಕಿ: ಸತ್ಯ ಪ್ರೇಕ್ಷಕರಿಗೆ ಯಾವ ದೃಶ್ಯದಲ್ಲಿ ತಿಳಿಯುತ್ತದೆ, ನಾಯಕನಿಗೆ ಯಾವುದರಲ್ಲಿ? ಎರಡೂ ಒಂದೇ ಆದರೆ ಜನ ಬೆಚ್ಚುತ್ತಾರೆ, ಅಷ್ಟೇ. ಗ್ರೀಕ್ ನಾಟಕದ ದೊರೆ ಈಡಿಪಸ್ ಹಿಂದಿನ ರಾಜನ ಹಂತಕನನ್ನು ಶಪಿಸುವಾಗ ಹಂತಕ ಅವನೇ ಎಂದು ಪ್ರೇಕ್ಷಕರಿಗೆ ಮೊದಲೇ ಗೊತ್ತು. ನಾಡಿನ ಒಳಿತಿಗೆಂದು ಅವನು ಗಟ್ಟಿಯಾಗಿ ಶಪಿಸಿದಷ್ಟೂ ಕರುಳು ಹಿಂಡುತ್ತದೆ.

ಹಮಾರ್ತಿಯಾ (ದುರಂತ ನಾಯಕನನ್ನು ಕೇಡಿಗೆ ನೂಕುವ ತಪ್ಪು) ಎಂದ ಕೂಡಲೇ ನಾಯಕನಿಗೊಂದು ದುರ್ಗುಣ ಅಂಟಿಸುವ ಚಾಳಿ ಇದೆ. ಆ ಗ್ರೀಕ್ ಪದದ ಬೇರಿನಲ್ಲಿರುವುದು ಗುರಿ ತಪ್ಪುವುದು. ಅರಿಸ್ಟಾಟಲ್ ಪ್ರಕಾರ ಮರುಕ ಹುಟ್ಟುವುದು ಬರಬಾರದವನಿಗೆ ಬಂದ ಕೇಡನ್ನು ಕಂಡಾಗ. ಅಂದರೆ ಶಿಕ್ಷೆ ತಪ್ಪಿಗಿಂತ ಒಂದು ತೂಕ ಹೆಚ್ಚಿರಬೇಕು. ನಿಮ್ಮಲ್ಲಿ ಎರಡೂ ಸರಿಸಮ, ಲೆಕ್ಕ ಚುಕ್ತಾ.

ಪಡಸಾಲೆ:
ಗಿರೀಶ ಕಾರ್ನಾಡರ 'ತುಘಲಕ್' ನಾಟಕದಲ್ಲಿ ಸುಲ್ತಾನನನ್ನು ಕೊಲ್ಲಲು ಪ್ರಾರ್ಥನೆಯ ಹೊತ್ತಿಗೆ ಹೂಡಿದ ಸಂಚು, ಸುಲ್ತಾನ ತಾನೇ ಸಂಚುಗಾರನೊಬ್ಬನನ್ನು ಇರಿಯುವುದು ಎಲ್ಲ ಆದ ಮೇಲೂ, ರಾತ್ರಿ ಕೋಟೆಯ ಮೇಲೆ ಎಳೆಯ ಕಾವಲುಗಾರನೊಬ್ಬನ ಹತ್ತಿರ ತನ್ನ ಹರೆಯದ ಮಾತಾಡುವ ದೃಶ್ಯವಿದೆ. ಆ ಹುಡುಗನಿಂದ ಅವನಿಗೆ ಆಗಬೇಕಾದ್ದು ಏನೂ ಇಲ್ಲ, ಅದಕ್ಕೇ ನಂಬುತ್ತೇವೆ. ನಿಮ್ಮ ನಾಯಕನಿಗೂ ಅಂಥ ಒಬ್ಬ ಕೇಳುಗನನ್ನು ಕೊಡಿ. ಒಂದು ಪುಟ ಸಾಕು.

ಕರಡುಪ್ರತಿ:
ಸತ್ತ ಗೆಳೆಯನ ಹೆಂಡತಿ ಅಳುವ ದೃಶ್ಯ ತೆಗೆದುಬಿಡಲೇ?

ತೆರೆಮರೆ:
ಬೇಡ, ತೆಗೆದರೆ ನೀವು ನಾಯಕನ ವಕೀಲರಾಗುತ್ತೀರಿ. ಅವಳ ಅಳುವಿನ ಬೆನ್ನಿಗೇ ಇವನ ಮಾತು ಬರದಿರಲಿ. ನಡುವೆ ಒಂದೆರಡು ದೃಶ್ಯ ಕಳೆಯಲಿ.