ಆರ್ಕೆಸ್ಟ್ರಾದವರು ಬೇಸ್ ಗಿಟಾರ್ ನುಡಿಸಲು ಕರೆದಿದ್ದಾರೆ: ಅನುಭವ ಇರುವವರು ತಿಳಿಸಿ

ಗುಬ್ಬಿಯಿಂದ, ಪ್ರಶ್ನೆ ಕೇಳಿದವರು:

ನನಗೆ 37 ವರ್ಷ. ಗುಬ್ಬಿಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಎರಡು ವರ್ಷಗಳ ಹಿಂದೆ ಬೆಂಗಳೂರಿನ ಬಳೇಪೇಟೆಯಲ್ಲಿ ನಾಲ್ಕು ತಂತಿಯ ಬೇಸ್ ಗಿಟಾರ್ ಕೊಂಡು, ಮೊಬೈಲ್‌ನಲ್ಲಿ ಪಾಠ ನೋಡಿ ಕಲಿತೆ. ಈಗ ತುಮಕೂರಿನ ಒಂದು ಆರ್ಕೆಸ್ಟ್ರಾದವರು ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ಬರುತ್ತೀರಾ ಎಂದು ಕೇಳಿದ್ದಾರೆ. ಮನೆಯಲ್ಲಿ ಹಾಡು ಹಾಕಿಕೊಂಡು ನುಡಿಸಿದರೆ ಚೆನ್ನಾಗಿಯೇ ಕೂಡುತ್ತದೆ. ಮೊನ್ನೆ ಅವರ ಅಭ್ಯಾಸಕ್ಕೆ ಹೋದಾಗ ಎರಡನೆಯ ಹಾಡಿಗೇ ದಿಕ್ಕು ತಪ್ಪಿತು. ಕೀಬೋರ್ಡ್‌ನವರ ಬೆರಳು ನೋಡಿಕೊಂಡೇ ನುಡಿಸುತ್ತಿದ್ದೆ, ಆದರೂ ಪೂರ್ತಿ ಅಪಸ್ವರ. ಒಪ್ಪಿಕೊಳ್ಳಲೇ, ಇನ್ನೊಂದು ವರ್ಷ ಕಾಯಲೇ? ಹೋಗುವುದಾದರೆ ಏನು ತಯಾರಿ ಬೇಕು?

ಕ್ಯಾತ್ಸಂದ್ರದಿಂದ, 16 ವರ್ಷಗಳಿಂದ ಬೇಸ್ ನುಡಿಸುತ್ತಿರುವವರು:

ಮೇಷ್ಟ್ರೇ, ಹೋಗಿ. ಇನ್ನೊಂದು ವರ್ಷ ಮನೆಯಲ್ಲಿ ಕುಳಿತರೆ ಮನೆಯಲ್ಲಿ ನುಡಿಸುವುದು ಇನ್ನಷ್ಟು ಚೆನ್ನಾಗಿ ಬರುತ್ತದೆ, ವೇದಿಕೆ ಮಾತ್ರ ಅಷ್ಟೇ ದೂರದಲ್ಲಿ ಉಳಿಯುತ್ತದೆ.

ಎರಡನೆಯ ಹಾಡಿಗೆ ಏನಾಯಿತು ಎಂಬುದನ್ನು ನಾನು ಇಲ್ಲಿಂದಲೇ ಹೇಳಬಲ್ಲೆ. ಗಾಯಕರು ಶ್ರುತಿಯನ್ನು "ಅರ್ಧ ಇಳಿಸಿ" ಎಂದಿರುತ್ತಾರೆ. ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿರುತ್ತಾರೆ. ಆ ಗುಂಡಿ ಒತ್ತಿದ ಮೇಲೆ ಅವರ ಬೆರಳುಗಳು ಮೊದಲಿನ ಮನೆಗಳ, ಅಂದರೆ ಕೀಗಳ, ಮೇಲೆಯೇ ಓಡಾಡುತ್ತವೆ, ಧ್ವನಿ ಮಾತ್ರ ಅರ್ಧ ಮನೆ ಕೆಳಗಿನದು ಬರುತ್ತದೆ. ನಿಮ್ಮ ವಾದ್ಯಕ್ಕೆ ಆ ಗುಂಡಿ ಇಲ್ಲ. ಅವರ ಬೆರಳನ್ನು ನಂಬಿ ನುಡಿಸಿದ ನೀವು ಹಾಡಿನ ಉದ್ದಕ್ಕೂ ಅರ್ಧ ಮನೆ ಮೇಲೆಯೇ ಇದ್ದಿರಿ. ತಪ್ಪು ನಿಮ್ಮ ಕಿವಿಯದ್ದಲ್ಲ. ಇನ್ನು ಮೇಲೆ ಹಾಡು ಶುರುವಾಗುವ ಮೊದಲು "ಈಗ ಷಡ್ಜ ಎಲ್ಲಿ ಬರುತ್ತದೆ?" ಎಂದು ಬಾಯಿಬಿಟ್ಟು ಕೇಳಿ. ಕೇಳಲು ಸಂಕೋಚಪಟ್ಟವರೇ ವೇದಿಕೆಯ ಮೇಲೆ ಬೆವರುತ್ತಾರೆ.

ಇದಕ್ಕೆ ತಯಾರಿ ಸುಲಭ. ಹಾಡುಗಳನ್ನು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಗೆರೆ) ಸಂಖ್ಯೆಯಲ್ಲಿ ಕಲಿಯಬೇಡಿ, ಷಡ್ಜದಿಂದ ಎಷ್ಟು ದೂರ ಎಂಬ ಲೆಕ್ಕದಲ್ಲಿ ಕಲಿಯಿರಿ. ದಪ್ಪ ತಂತಿಯ ಐದನೆಯ ಫ್ರೆಟ್ಟನ್ನು ಸ ಎಂದುಕೊಂಡರೆ, ಪಕ್ಕದ ತಂತಿಯ ಐದನೆಯದೇ ಮ, ಏಳನೆಯದು ಪ, ಅದರ ಆಚೆಯ ತಂತಿಯ ಏಳನೆಯದು ಮೇಲಿನ ಸ. ಗಾಯಕರು ಎಷ್ಟೇ ಇಳಿಸಲಿ, ಏರಿಸಲಿ, ಈ ಆಕಾರವನ್ನು ಕದಡದೆ ಇಡಿಯಾಗಿ ಸರಿಸಿದರೆ ಮುಗಿಯಿತು. ಗಣಿತದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ತಿಂಗಳು ಖಾಲಿ ತಂತಿಯನ್ನು, ಅಂದರೆ ಫ್ರೆಟ್ ಒತ್ತದ ತಂತಿಯನ್ನು, ನುಡಿಸದೆ ಅಭ್ಯಾಸ ಮಾಡಿ, ಆಮೇಲೆ ಯಾವ ಶ್ರುತಿ ಹೇಳಿದರೂ ಕೈ ಹೆದರುವುದಿಲ್ಲ.

ಈಗ ಮುಖ್ಯವಾದ ಮಾತು. ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್‌ಗೆ ಖಾಲಿ ಕುರ್ಚಿ ಇರುವುದಿಲ್ಲ. ಆ ಕುರ್ಚಿಯಲ್ಲಿ ಕೀಬೋರ್ಡ್‌ನವರ ಎಡಗೈ ಕುಳಿತಿರುತ್ತದೆ. ಬೇಸ್ ಗಿಟಾರ್‌ನವರನ್ನು ಕರೆದುಕೊಂಡು ಹೋದರೆ ಒಬ್ಬರ ಸಂಭಾವನೆ, ವ್ಯಾನ್‌ನಲ್ಲಿ ಒಂದು ಜಾಗ, ಒಂದು ಊಟ ಹೆಚ್ಚು. ಅದಕ್ಕಾಗಿ ವರ್ಷಗಳಿಂದ ಎಡಗೈಯೇ ಆ ಕೆಲಸ ಮಾಡಿಕೊಂಡು ಬಂದಿದೆ. ಕೆಲವು ಕೀಬೋರ್ಡ್‌ಗಳಲ್ಲಿ ತಾಳದ ಜೊತೆಗೆ ಬೇಸ್ ಕೂಡ ತಾನಾಗಿಯೇ ಬರುತ್ತದೆ.

ನನ್ನ ಮೊದಲ ಕಾರ್ಯಕ್ರಮ ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನವೆಂಬರ್‌ನಲ್ಲಿ. ಅಭ್ಯಾಸ ಮಾಡಿದ್ದ ಕೋಣೆಯಲ್ಲಿ ಗೊತ್ತಾಗದಿದ್ದದ್ದು ದೊಡ್ಡ ಸ್ಪೀಕರ್‌ಗಳಲ್ಲಿ ಗೊತ್ತಾಯಿತು. ಎಡಗೈಯೂ ನಾನೂ ಒಂದೇ ಕೆಳಸ್ವರವನ್ನು ಹಿಡಿದಿದ್ದೆವು. ಚಳಿಗೆ ನನ್ನ ತಂತಿ ಒಂದು ಕೂದಲೆಳೆಯಷ್ಟು ಶ್ರುತಿ ಬಿಟ್ಟಿತ್ತು. ಕೀಬೋರ್ಡಿನದು 55 ಹರ್ಟ್ಜ್, ನನ್ನದು 56 ಇದ್ದರೂ ಸಾಕು, ಸೆಕೆಂಡಿಗೆ ಒಂದು ಸಲ ಧ್ವನಿ ಉಬ್ಬಿ ಇಳಿಯುತ್ತದೆ. ಮೇಲಿನ ಸ್ವರಗಳಲ್ಲಾದರೆ ಅದು ಅಪಸ್ವರ ಎಂದು ಕಿವಿಗೆ ಬೀಳುತ್ತದೆ. ಕೆಳಸ್ವರಗಳಲ್ಲಿ ಹಾಗಲ್ಲ, ಹಾಡಿಗೆ ಹಾಡೇ ಕೆಸರಾಗುತ್ತದೆ. ಗಾಯಕಿ ಹಾಡುತ್ತಲೇ ಎರಡು ಸಲ ತಿರುಗಿ ನೋಡಿದರು. ನಾನು ವಾಲ್ಯೂಮ್ ಪೂರ್ತಿ ಇಳಿಸಿ, ಉಳಿದ ಹದಿನೈದು ಹಾಡುಗಳಿಗೆ ಸುಮ್ಮನೆ ಬೆರಳಾಡಿಸುತ್ತ ನಿಂತೆ. ಆ ರಾತ್ರಿಯ ದುಃಖ ಇವತ್ತಿಗೂ ಹೋಗಿಲ್ಲ.

ಮಾರನೆಯ ದಿನ ಸಂಜೆ ಕೀಬೋರ್ಡ್‌ನವರ ಮನೆಗೆ ಹೋದೆ. ಅವರು ನನಗಿಂತ ಹಿರಿಯರು. "ಸರ್, ಯಾವ ಹಾಡಿನಲ್ಲಿ ನಾನು ಇರಲಿ, ಯಾವುದರಲ್ಲಿ ಬೇಡ ಎಂದು ನೀವೇ ಹೇಳಿ" ಎಂದೆ. ಇಬ್ಬರೂ ಕುಳಿತು ಪಟ್ಟಿ ಮಾಡಿದೆವು. ನಾನಿರುವ ಹಾಡಿನಲ್ಲಿ ಅವರ ಎಡಗೈ ಎರಡು ಸಪ್ತಕ ಮೇಲಕ್ಕೆ ಬರುತ್ತದೆ, ತಾನಾಗಿ ಬರುವ ಬೇಸ್ ಅನ್ನು ಅವರು ಮ್ಯೂಟ್ ಮಾಡುತ್ತಾರೆ. ಅವರದೇ ಆದ ಹಾಡಿನಲ್ಲಿ ನಾನು ಕೈ ಕಟ್ಟಿ ನಿಲ್ಲುತ್ತೇನೆ. ಹದಿನಾರು ವರ್ಷ ಹಲವು ತಂಡಗಳಲ್ಲಿ ನುಡಿಸಿದ್ದೇನೆ, ಇಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ. ನೀವೂ ಮೊದಲು ಆ ಎಡಗೈಯ ಜೊತೆ ಮಾತಾಡಿ.

ಇನ್ನೊಂದು ಮಾತು, ಸ್ವರವನ್ನು ನಿಲ್ಲಿಸುವುದರ ಬಗ್ಗೆ. ಢೋಲಕ್‌ಗೂ ತಬಲಾ ಜೋಡಿಯ ಎಡಗೈ ವಾದ್ಯಕ್ಕೂ ತಮ್ಮದೇ ಗುಂಗು ಇರುತ್ತದೆ. ಅದು ಮೊಳಗುವಾಗ ನಿಮ್ಮ ತಂತಿಯೂ ಮೊಳಗುತ್ತಲೇ ಇದ್ದರೆ ಎರಡೂ ಕೇಳುವುದಿಲ್ಲ. ಎಡಗೈ ಬೆರಳನ್ನು ಸ್ವಲ್ಪ ಸಡಿಲಿಸಿ ಸ್ವರವನ್ನು ಕತ್ತರಿಸಿ, ಢೋಲಕ್‌ಗೆ ದಾರಿ ಬಿಡಿ. ಇಳಯರಾಜ ಅವರ ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿ, ಬೇಸ್ ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನಷ್ಟೇ ಗಮನಿಸಿ. ನಾನು ಅಲ್ಲಿಂದಲೇ ಕಲಿತದ್ದು.

ಕುಣಿಗಲ್‌ನಿಂದ, ಕೀಬೋರ್ಡ್ ನುಡಿಸುವವರು:

ಮೇಲಿನವರು ಹೇಳಿದ ಎಡಗೈ ನನ್ನಂಥವರದೇ, ಆದ್ದರಿಂದ ಈ ಕಡೆಯ ಮಾತನ್ನೂ ಕೇಳಿ. ನಮ್ಮ ತಂದೆ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ಮೇಷ್ಟ್ರು. ಶ್ರುತಿ, ಪದ್ಯ, ಪಾತ್ರಧಾರಿ ಮರೆತ ಸಾಲು, ಎಲ್ಲವನ್ನೂ ಒಬ್ಬರೇ ಹೊರುತ್ತಿದ್ದರು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಊರಿನವರಾದ ನಿಮಗೆ ಆ ಹೊರೆ ಎಂಥದ್ದೆಂದು ಗೊತ್ತಿರುತ್ತದೆ. ನಾನೂ ಅದೇ ಅಭ್ಯಾಸದಲ್ಲಿ ಬೆಳೆದವನು. ಬೇಸ್ ಗಿಟಾರ್‌ನ ಹುಡುಗನೊಬ್ಬ ತಂಡಕ್ಕೆ ಬಂದಾಗ ನನ್ನ ಅರ್ಧ ಕೈಯನ್ನೇ ಕಿತ್ತುಕೊಂಡ ಹಾಗಾಯಿತು. ಮೂರು ತಿಂಗಳು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ, ಅದಕ್ಕಾಗಿ ಈಗ ನೋವಾಗುತ್ತದೆ.

ಆಮೇಲೆ ಒಂದು ದಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಕಾರ್ಯಕ್ರಮವಿತ್ತು. ಒಳಾಂಗಣ, ಒಳ್ಳೆಯ ಧ್ವನಿ. ಎಡಗೈಗೆ ಬಿಡುವು ಸಿಕ್ಕಿದ್ದರಿಂದ ಪಲ್ಲವಿಯ ಹಿಂದೆ ಬರುವ ಪಿಟೀಲಿನ ಗುಂಪನ್ನು ಎರಡೂ ಕೈಯಲ್ಲಿ ನುಡಿಸಿದೆ. ಅದುವರೆಗೆ ಆ ಹಾಡನ್ನು ನೂರು ಸಲ ನುಡಿಸಿದ್ದರೂ ಆ ಭಾಗವನ್ನು ಬಿಟ್ಟೇ ನುಡಿಸುತ್ತಿದ್ದೆ. ನೀವು ಹೋಗಿ ಮಾತಾಡುವಾಗ "ಬೇಸ್ ನನಗೆ ಬಿಡಿ" ಎನ್ನಬೇಡಿ. "ನಿಮ್ಮ ಎಡಗೈ ಬಿಡುವಾದರೆ ಈ ಹಾಡಿನಲ್ಲಿ ಏನು ನುಡಿಸುತ್ತೀರಿ?" ಎಂದು ಕೇಳಿ. ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ತಿಪಟೂರಿನಿಂದ, ಸೌಂಡ್ ಸಿಸ್ಟಮ್ ಇಟ್ಟಿರುವವರು:

ಹಾಡಿನ ವಿಷಯ ನನಗೆ ಅಷ್ಟಾಗಿ ತಿಳಿಯದು. ಜೀವದ ವಿಷಯ ಹೇಳುತ್ತೇನೆ. ಗಣೇಶನ ಹಬ್ಬ ಮಳೆಗಾಲದಲ್ಲಿ ಬರುತ್ತದೆ. ಪೆಂಡಾಲ್ ಒದ್ದೆ, ನೆಲ ಒದ್ದೆ, ಕರೆಂಟು ಒಮ್ಮೆ ಕಂಬದಿಂದ, ಒಮ್ಮೆ ಜನರೇಟರ್‌ನಿಂದ. ನಿಮ್ಮ ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರ್‌ನ ಲೋಹದ ಮೈಗೆ ಸೇರಿರುತ್ತವೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ತಂತಿ ಹಿಡಿದ ಕೈಯಿಂದ ಮೈಕ್ ಮುಟ್ಟಿದ ತುಟಿಗೆ ಕರೆಂಟು ಹರಿಯುತ್ತದೆ. ಒಂದು ಟೆಸ್ಟರ್ ಸದಾ ಬ್ಯಾಗಿನಲ್ಲಿರಲಿ. ತಂತಿಗೂ ಮೈಕಿಗೂ ಹಿಡಿದು ನೋಡಿ, ದೀಪ ಹೊತ್ತಿದರೆ ಯಾರು ಎಷ್ಟೇ ಅವಸರ ಮಾಡಲಿ, ಸರಿಪಡಿಸುವ ತನಕ ವಾದ್ಯ ಮುಟ್ಟಬೇಡಿ. ಗುಂಯ್ ಎನ್ನುವ ಶಬ್ದ ಬರುತ್ತದೆಂದು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗ್ ಪಿನ್ ಕತ್ತರಿಸುವವರನ್ನು ನೋಡಿದ್ದೇನೆ. ಅಂಥವರ ವೇದಿಕೆ ಹತ್ತಲೇಬೇಡಿ. ಆ ಶಬ್ದಕ್ಕೆ ಡಿಐ ಬಾಕ್ಸ್ (ಗಿಟಾರಿಗೂ ಮಿಕ್ಸರ್‌ಗೂ ನಡುವೆ ಹಾಕುವ ಪುಟ್ಟ ಪೆಟ್ಟಿಗೆ) ಇದೆ, ಅದರಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇದೆ, ಅದನ್ನು ಬಳಸಬೇಕು.

ಇನ್ನೊಂದು: ನಿಮ್ಮ ದಪ್ಪ ತಂತಿ ಸುಮಾರು 41 ಹರ್ಟ್ಜ್. ಹಳ್ಳಿಯ ಬಜೆಟ್ಟಿಗೆ ನಾವು ತರುವ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಸಬ್ ವೂಫರ್ ಇರುವುದಿಲ್ಲ, ಅಷ್ಟು ಕೆಳಗಿನದು ಕೇಳುವುದೇ ಇಲ್ಲ. ಆಗ ಬೇಸ್ ಗುಂಡಿಯನ್ನು ತಿರುಗಿಸಬೇಡಿ, ಮಿಡ್ (ನಡುವಿನ ಸ್ವರಗಳ ಗುಂಡಿ) ಸ್ವಲ್ಪ ಹೆಚ್ಚಿಸಿ, ಮೇಲಿನ ಸಪ್ತಕದಲ್ಲಿ ನುಡಿಸಿ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ 2000ನೇ ಇಸವಿಯಿಂದ ಇದೆ, ಆದ್ದರಿಂದ ಕಡೆಯ ಹಾಡುಗಳು ಯಾವಾಗ ಬೇಕಾದರೂ ಕತ್ತರಿಸಿ ಹೋಗಬಹುದು. ನಿಮಗೆ ಇಷ್ಟವಾದದ್ದನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ತುಮಕೂರಿನಿಂದ, ಚರ್ಚ್ ಗಾಯನ ತಂಡದಲ್ಲಿ ನುಡಿಸುವವರು:

ನಾನು ಮಾತ್ರ ಕಾಯಿರಿ ಎನ್ನುತ್ತೇನೆ, ಮೊದಲು ವಾರಕ್ಕೊಮ್ಮೆ ನುಡಿಸುವ ಜಾಗ ಹುಡುಕಿ. ಆರ್ಕೆಸ್ಟ್ರಾದಲ್ಲಿ ಸೀಸನ್ ಬಂದಾಗ ಒಂದೇ ವಾರದಲ್ಲಿ ನಾಲ್ಕು ರಾತ್ರಿ, ಇಲ್ಲದಿದ್ದರೆ ತಿಂಗಳುಗಟ್ಟಲೆ ಏನೂ ಇಲ್ಲ. ಕೈ ಹಾಗೆ ಪಳಗುವುದಿಲ್ಲ. ನಾನು ಒಂಬತ್ತು ವರ್ಷಗಳಿಂದ ಪ್ರತಿ ಭಾನುವಾರ ನುಡಿಸುತ್ತೇನೆ. ಶನಿವಾರ ಅಭ್ಯಾಸ, ಭಾನುವಾರ ಆರಾಧನೆ, ಅದೇ ಜನ, ಅದೇ ಕೋಣೆ. ತಪ್ಪಿದರೆ ಮುಂದಿನ ವಾರವೇ ತಿದ್ದಿಕೊಳ್ಳಬಹುದು. ನಿಮಗೆ ಭಜನಾ ಮಂಡಳಿಯೋ ಶಾಲೆಯ ಮಕ್ಕಳ ತಂಡವೋ ಸಿಗುವುದಿಲ್ಲವೇ?

ಬೆರಳು ಮತ್ತು ಹೆಗಲಿನ ಬಗ್ಗೆ ಯಾರೂ ಹೇಳಲಿಲ್ಲ. ಸಾಮಾನ್ಯ ಬೇಸ್ ಗಿಟಾರ್‌ನಲ್ಲಿ ಮೇಲಿನ ನಟ್‌ನಿಂದ ಕೆಳಗಿನ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಅಂಗುಲ, ತೂಕ ಸುಮಾರು ನಾಲ್ಕು ಕಿಲೋ. ಮೊದಲ ವರ್ಷ ನನ್ನ ಕಿರುಬೆರಳು ರಾತ್ರಿಯೆಲ್ಲ ನೋಯುತ್ತಿತ್ತು. ಆಮೇಲೆ 30 ಅಂಗುಲದ್ದಕ್ಕೆ ಬದಲಾಯಿಸಿದೆ, ಅಗಲವಾದ ಪಟ್ಟಿ ಹಾಕಿಸಿದೆ. ಗಂಡಸರ ತಂಡದವರು ಅದನ್ನು ಮಕ್ಕಳ ವಾದ್ಯ ಎಂದರು. ಅದರ ಸ್ವರ ಕೇಳಿದ ಮೇಲೆ ಯಾರೂ ಹಾಗೆನ್ನಲಿಲ್ಲ. ಕಿವಿಗೆ ಪ್ಲಗ್ ಹಾಕಿಕೊಳ್ಳುವುದನ್ನೂ ಮರೆಯಬೇಡಿ. 85 ಡೆಸಿಬಲ್ ಶಬ್ದವನ್ನು ಎಂಟು ಗಂಟೆ ತಾಳಬಹುದು ಎಂದು ಲೆಕ್ಕ, ಪ್ರತಿ ಮೂರು ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಡ್ರಮ್ಸ್ ಪಕ್ಕದಲ್ಲಿ 100 ಮುಟ್ಟಿದರೆ ಹದಿನೈದು ನಿಮಿಷವೇ ಮಿತಿ.

ಶಿರಾದಿಂದ, ಬೇಸ್ ನುಡಿಸುವವರೊಬ್ಬರ ಹೆಂಡತಿ:

ಮನೆಯವರಿಗೆ ಹೇಳಬೇಕಾದ ಒಂದೇ ವಿಷಯ ದಿನಾಂಕ. ನವೆಂಬರ್ ಪೂರ್ತಿ ರಾಜ್ಯೋತ್ಸವ, ಒಂದೊಂದು ವೃತ್ತದಲ್ಲಿ ಒಂದೊಂದು ದಿನ. ನಮ್ಮ ಮನೆಯಲ್ಲಿ ಕ್ಯಾಲೆಂಡರ್‌ನಲ್ಲಿ ಅವರು ಒಪ್ಪಿಕೊಂಡ ರಾತ್ರಿಗಳಿಗೆ ಕೆಂಪು ಗುರುತು ಹಾಕುತ್ತಾರೆ, ಗುರುತು ಹಾಕದ ದಿನ ಎಲ್ಲಿಗೂ ಹೋಗುವುದಿಲ್ಲ. ಗುರುತು ಹಾಕುವ ಮೊದಲು ನನ್ನನ್ನು ಕೇಳುತ್ತಾರೆ. ಕಾದು ಕುಳಿತುಕೊಳ್ಳುವುದು ನನಗೆ ಕಷ್ಟವಲ್ಲ, ಎಷ್ಟು ಹೊತ್ತಿಗೆ ಬರುತ್ತಾರೆಂದು ಗೊತ್ತಿಲ್ಲದೆ ಕಾಯುವುದು ಕಷ್ಟ.

ಗುಬ್ಬಿಯಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ನೀವು ಹೇಳಿದ್ದು ನಿಜ, ಅವರು ಟ್ರಾನ್ಸ್‌ಪೋಸ್ ಮಾಡಿದ್ದರು. ನಿನ್ನೆ ಕೀಬೋರ್ಡ್‌ನವರ ಮನೆಗೆ ಹೋಗಿದ್ದೆ. ಕುಣಿಗಲ್‌ನವರು ಹೇಳಿಕೊಟ್ಟ ಪ್ರಶ್ನೆಯನ್ನು ಹಾಗೆಯೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನಿಂದ ಹಳೆಯ ಪುಸ್ತಕ ತಂದು 22 ಹಾಡುಗಳ ಪಟ್ಟಿಯಲ್ಲಿ ನಾಲ್ಕಕ್ಕೆ ಗುರುತು ಹಾಕಿದರು. ಉಳಿದ 18ಕ್ಕೆ ನಾನು ನಿಲ್ಲುವುದಷ್ಟೇ. ಮನೆಯಲ್ಲಿ ಕ್ಯಾಲೆಂಡರ್ ಕೂಡ ಬಂದಿದೆ. ನಾಲ್ಕೇ ಹಾಡಿಗೆ ಇಷ್ಟು ದೂರ ಹೋಗುವುದು ಸರಿಯೇ? ಸಂಭಾವನೆಯನ್ನು ಹೇಗೆ ಕೇಳಬೇಕು?

ಕ್ಯಾತ್ಸಂದ್ರದಿಂದ:

ನಾಲ್ಕು ಸಿಕ್ಕಿತೇ! ನನಗೆ ಮೊದಲ ವರ್ಷ ಸಿಕ್ಕಿದ್ದು ಎರಡು. ಖಂಡಿತ ಹೋಗಿ. ಚರ್ಚ್ ತಂಡದವರು ಹೇಳಿದ ವಾರದ ಅಭ್ಯಾಸವನ್ನೂ ಬಿಡಬೇಡಿ, ಅದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ.

ಸಂಭಾವನೆಯನ್ನು ಈ ವರ್ಷ ಹೋಗಿಬರುವ ಖರ್ಚಿಗೆ ಸಮವಾಗಿ ಕೇಳಿ. ಆದರೆ ಆ ಮಾತನ್ನು ಕಾರ್ಯಕ್ರಮಕ್ಕೆ ಮೊದಲೇ, ತಂಡದ ಮುಖ್ಯಸ್ಥರ ಎದುರಿಗೇ ಆಡಿ ಮುಗಿಸಿ. ಒಂದು ತಂಡದಲ್ಲಿ ನಾನು ಮೂರು ಕಾರ್ಯಕ್ರಮಗಳ ಹಣವನ್ನು ಹೀಗೆ ಬಾಯಿಬಿಡದೆ ಕಳೆದುಕೊಂಡೆ. ರಾತ್ರಿ ಗುಬ್ಬಿಗೆ ಯಾರು ಬಿಡುತ್ತಾರೆ ಎಂಬುದನ್ನೂ ಅದೇ ದಿನ ಕೇಳಿ. ತುಮಕೂರಿನಿಂದ 20 ಕಿಲೋಮೀಟರ್ ಅಷ್ಟೇ, ಆದರೆ ಕಾರ್ಯಕ್ರಮ ಮುಗಿದು ವೈರು ಸುತ್ತುವ ಹೊತ್ತಿಗೆ ಬಸ್ಸನ್ನು ನಂಬುವಂತಿಲ್ಲ.

ಆ ನಾಲ್ಕರಲ್ಲಿ ನಿಧಾನದ ಹಾಡು ಯಾವುದಿದೆಯೋ ಅದನ್ನು ಮೊದಲು ಗಟ್ಟಿ ಮಾಡಿ. ವೇಗದ ಹಾಡಿನಲ್ಲಿ ಡ್ರಮ್ಸ್ ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ, ನಿಧಾನದ್ದರಲ್ಲಿ ನೀವು ಬಂದದ್ದು ಗಾಯಕರಿಗೆ ಗೊತ್ತಾಗುತ್ತದೆ. ನಿಂತುಕೊಳ್ಳುವುದು ಡ್ರಮ್ಸ್‌ನವರ ಬಲಗಾಲು ಕಾಣುವ ಕಡೆ. ಆ ಕಾಲು ಪೆಡಲ್ ಒತ್ತುವ ಕ್ಷಣಕ್ಕೆ ನಿಮ್ಮ ಬೆರಳು ತಂತಿಗೆ ಬೀಳಬೇಕು. ಉಳಿದ 18 ಹಾಡುಗಳಿಗೆ ವಾಲ್ಯೂಮ್ ಇಳಿಸಿ, ಕೀಬೋರ್ಡ್‌ನವರ ಎಡಗೈ ಏನು ನುಡಿಸುತ್ತದೆ ಎಂಬುದನ್ನು ಬೆರಳು ನೋಡದೆ ಕಿವಿಯಲ್ಲೇ ಹಿಡಿದು, ನಿಮ್ಮ ತಂತಿಯ ಮೇಲೆ ಸದ್ದಿಲ್ಲದೆ ಹುಡುಕುತ್ತಿರಿ. ದೀಪಾವಳಿಯ ಹೊತ್ತಿಗೆ ಅವರೇ ಐದನೆಯದಕ್ಕೆ ಗುರುತು ಹಾಕುತ್ತಾರೆ. ಮೊದಲ ಕಾರ್ಯಕ್ರಮ ಎಲ್ಲಿ, ಎಂದು ಎಂಬುದನ್ನು ಇಲ್ಲಿ ತಿಳಿಸಿ. ತುಮಕೂರಿನ ಸುತ್ತಮುತ್ತ ಆದರೆ ನಾನು ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ.