ಇಎಲ್84 ಪುಶ್‌ಪುಲ್: ಫೀಡ್‌ಬ್ಯಾಕ್ 6 ಡಿಬಿಗೆ ನಿಲ್ಲಿಸುವುದಾ, 20ಕ್ಕೆ ಹೋಗುವುದಾ?

ಸುರತ್ಕಲ್: ನನ್ನದು ಇಎಲ್84 ವಾಲ್ವ್‌ಗಳ ಪುಶ್‌ಪುಲ್ ಆಂಪ್ಲಿಫೈಯರ್ (ವಾಲ್ವ್ ಜೋಡಿ ಒಂದಕ್ಕೊಂದು ವಿರುದ್ಧವಾಗಿ ದುಡಿಯುವುದು). ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಉಲ್ಟಾ ಮಾಡಿ ಇನ್‌ಪುಟ್‌ಗೆ ವಾಪಸ್ ಕೊಡುವುದು) ಇಲ್ಲದೆ 5 ವಾಟ್‌ಗೆ ಡಿಸ್ಟಾರ್ಷನ್ (ಸಿಗ್ನಲ್ ಕೆಡುವ ಪ್ರಮಾಣ) 1.8%. 6 ಡಿಬಿ, ಅಂದರೆ ಗೇನ್ (ವರ್ಧನೆ) ಅರ್ಧಕ್ಕೆ ಇಳಿಯುವಷ್ಟು, ಕೊಟ್ಟ ಮೇಲೆ 0.9%, ಆದರೆ ಐದನೇ ಹಾರ್ಮೋನಿಕ್ (ಮೂಲ ಸ್ವರದ ಐದು ಪಟ್ಟು ಆವರ್ತನದ್ದು) ಏರಿದೆ. ಎಷ್ಟಕ್ಕೆ ನಿಲ್ಲಿಸಬೇಕು? ಮಾಡಿ ನೋಡಿದವರು ಹೇಳಿ.

ಕದ್ರಿ: ಸೊನ್ನೆಗೆ ನಿಲ್ಲಿಸಿ. ನನ್ನದು ಇಎಲ್34 ವಾಲ್ವ್, ಟ್ರಯೋಡ್ ಆಗಿ ಜೋಡಿಸಿದ್ದು, ಸಿಂಗಲ್ ಎಂಡ್ (ಜೋಡಿಯಿಲ್ಲದೆ ಒಂದೇ ವಾಲ್ವ್ ದುಡಿಯುವುದು). 4 ವಾಟ್‌ಗೆ 2.5%, ಹೆಚ್ಚುಕಡಿಮೆ ಎಲ್ಲ ಎರಡನೇ ಹಾರ್ಮೋನಿಕ್ಕೇ. 6 ಡಿಬಿ ಕೊಟ್ಟರೆ ಒಟ್ಟು ಅಂಕಿ ಇಳಿಯುತ್ತದೆ, ಆದರೆ ವಾಪಸ್ ಬಂದ ಎರಡನೆಯದು ಮೂಲ ಸಿಗ್ನಲ್‌ನೊಟ್ಟಿಗೆ ಬೆರೆತು ಮೂರನೆಯದನ್ನು ಹುಟ್ಟಿಸುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಜೋಡಿಗೇ 14,000 ಸುರಿದದ್ದು. ಅಷ್ಟು ಸುರಿದ ಮೇಲೆ ಫೀಡ್‌ಬ್ಯಾಕ್ ಎಂತಕ್ಕೆ?

ಮಣಿಪಾಲ: ಮಾರಾಯ್ರೆ, ಅವರು ಕೇಳಿದ್ದು ಪುಶ್‌ಪುಲ್. ಅಲ್ಲಿ ಸಮಸಂಖ್ಯೆಯ ಹಾರ್ಮೋನಿಕ್‌ಗಳು ಬಹುಪಾಲು ರದ್ದಾಗುತ್ತವೆ. ಮೂರನೆಯದು ವಾಪಸ್ ಬಂದು ಐದನೆಯದನ್ನು ಮಾಡುತ್ತದೆ. ಸ್ವಲ್ಪ ಫೀಡ್‌ಬ್ಯಾಕ್‌ಗೆ ಮೇಲಿನವು ಏರುತ್ತವೆ, ಇನ್ನೂ ಹೆಚ್ಚಿಸಿದರೆ ಎಲ್ಲವೂ ಇಳಿಯುತ್ತವೆ ಎಂದು ಇಂಗ್ಲೆಂಡಿನ ಆಡಿಯೋ ಎಂಜಿನಿಯರ್ ಪೀಟರ್ ಬ್ಯಾಕ್ಸಂಡಾಲ್ 1978ರಲ್ಲೇ ತೋರಿಸಿದ್ದಾರೆ. ನನ್ನದಕ್ಕೆ 20 ಡಿಬಿ: 1.6% ಇದ್ದದ್ದು 0.17%, 10 ಕಿಲೋಹರ್ಟ್ಸ್‌ನಲ್ಲೂ 0.2%. ಅಳೆಯುವಾಗ ಗೇನ್ ಬಿದ್ದಷ್ಟು ಇನ್‌ಪುಟ್ ಏರಿಸಿ, 8 ಓಮ್ ಡಮ್ಮಿ ಲೋಡಿನಲ್ಲಿ (ಸ್ಪೀಕರ್ ಬದಲು ಇಡುವ ರೆಸಿಸ್ಟರ್) ಮತ್ತೆ 6.3 ವೋಲ್ಟ್, ಅಂದರೆ 5 ವಾಟ್, ಬಂದ ಮೇಲೆಯೇ ಓದಿ. ಅದೇ ಇನ್‌ಪುಟ್ ಇಟ್ಟರೆ 5 ವಾಟ್ ಇದ್ದದ್ದು 0.05ಕ್ಕೆ ಬಿದ್ದಿರುತ್ತದೆ, ಆಗಿನ ಅಂಕಿಗೆ ಬೆಲೆಯಿಲ್ಲ.

ಕಾಪು: 20 ಹೇಳುವುದು ಸುಲಭ. ನನ್ನ ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟೆನ್ಸಿಗೆ (ಸುರುಳಿಗಳು ಒಂದಕ್ಕೊಂದು ಪೂರ್ತಿ ಬೆಸೆಯದ ಪಾಲು) 14 ಡಿಬಿ ದಾಟಿದ ಕೂಡಲೇ 70 ಕಿಲೋಹರ್ಟ್ಸ್ ಆಸಿಲೇಷನ್, ಆಂಪ್ಲಿಫೈಯರ್ ತಾನಾಗಿಯೇ ಅಲೆ ಎಬ್ಬಿಸುವುದು. ಮೊದಲ ಹಂತದ ಇಸಿಸಿ83 ವಾಲ್ವಿನ ಪ್ಲೇಟ್ ಲೋಡ್ ರೆಸಿಸ್ಟರಿಗೆ ಅಡ್ಡಲಾಗಿ 10 ಕಿಲೋಓಮ್, ಅದರ ಸರಣಿಯಲ್ಲಿ 100 ಪಿಕೋಫ್ಯಾರಡ್ ಹಾಕಿದ ಮೇಲೆ ನಿಂತಿತು. ಆಮೇಲೆ ಕೆಳಗಿನ ಆವರ್ತನದ ತುದಿಯಲ್ಲಿ ಮೋಟಾರ್‌ಬೋಟಿಂಗ್ (ದೋಣಿ ಎಂಜಿನ್ನಿನಂತೆ ಪುಟ್‌ಪುಟ್ ಸದ್ದು). ಹಂತದಿಂದ ಹಂತಕ್ಕೆ ಸಿಗ್ನಲ್ ದಾಟಿಸುವ ಎರಡೂ ಕಪ್ಲಿಂಗ್ ಕೆಪಾಸಿಟರ್ 0.1 ಮೈಕ್ರೋಫ್ಯಾರಡ್ ಇದ್ದವು, ಒಂದನ್ನು 0.47 ಮಾಡಿದ ಮೇಲೆ ಸರಿಯಾಯಿತು. ಸುರತ್ಕಲ್‌ನವರೇ, 10 ಕಿಲೋಹರ್ಟ್ಸ್ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ) ಕೊಟ್ಟು, ಲೋಡಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಇಟ್ಟು ಸ್ಕೋಪಿನಲ್ಲಿ ನೋಡಿ. ಮೂಲೆಯಲ್ಲಿ ಎರಡು ಮೂರು ಅಲೆ ಬಂದು ಅಡಗಿದರೆ ತೊಂದರೆಯಿಲ್ಲ, ಅಡಗದಿದ್ದರೆ ಫೀಡ್‌ಬ್ಯಾಕ್ ಇಳಿಸಲೇಬೇಕು.

ಕದ್ರಿ: ಇಷ್ಟೆಲ್ಲ ತೇಪೆ ಹಾಕಿ ಸಿಕ್ಕಿದ್ದೆಂತ? ಕ್ಲಿಪ್ ಆಗುವಾಗ, ಅಂದರೆ ಮಿತಿ ಮೀರಿ ಅಲೆಯ ತಲೆ ಕತ್ತರಿಸಿಹೋಗುವಾಗ, ಚೂಪು ಮೂಲೆ. ನನ್ನದು ಮೆತ್ತಗೆ ಬಾಗುತ್ತದೆ.

ಮಣಿಪಾಲ: ಕ್ಲಿಪ್ ಮಾಡಿ ಯಾರು ಕೇಳುತ್ತಾರೆ? ನಿಮ್ಮದರ ಔಟ್‌ಪುಟ್ ಇಂಪಿಡೆನ್ಸ್ (ಸ್ಪೀಕರ್ ಕಡೆಗೆ ಕಾಣುವ ಒಳತಡೆ) ಎಷ್ಟು, ಅದನ್ನು ಹೇಳಿ ಮೊದಲು. ಸ್ಪೀಕರಿನ ತಡೆ ಡಮ್ಮಿ ಲೋಡಿನಂತೆ ಒಂದೇ ಸಮ ಇರುವುದಿಲ್ಲ, ಅದನ್ನು ಕಟ್ಟಿದ ಮೇಲೆ ಆ 2.5% ಅಷ್ಟೇ ಇರುವುದಿಲ್ಲ.

ಕಾಪು: ಮಣಿಪಾಲದವರೇ, 10 ಕಿಲೋಹರ್ಟ್ಸ್‌ನ ನಿಮ್ಮ ಆ 0.2% ಅನ್ನು 48 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್‌ನಲ್ಲಿ (ಅದರ ಅರ್ಧ, 24ರವರೆಗೆ ಮಾತ್ರ ಕಾಣುವುದು) ಅಳೆದದ್ದಾ? ಹಾಗಾದರೆ ಎರಡನೆಯದು ಮಾತ್ರ ಕಂಡಿರುವುದು. ಮೂರನೆಯದು 30 ಕಿಲೋಹರ್ಟ್ಸ್‌ನಲ್ಲಿ ಉಂಟು. 192 ಕಿಲೋಹರ್ಟ್ಸ್‌ನಲ್ಲಿ ಅಳೆದು ಇಲ್ಲಿ ಹಾಕಿ, ಆಮೇಲೆ ಮಾತಾಡುವ.